ಬಾಸೆಲ್ ಚೇಂಬರ್ ಆರ್ಕೆಸ್ಟ್ರಾ: ಕಿರಿದಾದ ವಾದ್ಯವೃಂದ ಮತ್ತು ಹೊಸ ಕೃತಿಗಳ ಹುಟ್ಟು

ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಸಂಗೀತದ ಚರಿತ್ರೆಯಲ್ಲಿ ವಿಯೆನ್ನಾ, ಪ್ಯಾರಿಸ್, ಬರ್ಲಿನ್‌ಗಳದ್ದೇ ದೊಡ್ಡ ಪಾಲು. ರೈನ್ ನದಿಯ ದಂಡೆಯ ಸ್ವಿಸ್ ನಗರ ಬಾಸೆಲ್‌ಗೆ ಸಿಗುವುದು ಹೆಚ್ಚೆಂದರೆ ಅಡಿಟಿಪ್ಪಣಿಯ ಜಾಗ. ಆದರೂ ಬಾರ್ತೋಕ್, ಸ್ಟ್ರಾವಿನ್‌ಸ್ಕಿ, ಒನೆಗರ್, ಮಾರ್ಟಿನು ಅವರ ಕೆಲವು ಮುಖ್ಯ ಕೃತಿಗಳು ಹುಟ್ಟಿದ್ದು ಆ ಊರಿನ ಚೇಂಬರ್ ಆರ್ಕೆಸ್ಟ್ರಾಕ್ಕಾಗಿ. ಇದಕ್ಕೆ ಕಾರಣ ಕೇಳಿದರೆ ಅದರ ನಿರ್ದೇಶಕ ಪೌಲ್ ಸಾಖರ್ ಅವರ ಸಿರಿವಂತಿಕೆಯತ್ತ ಬೆರಳು ತೋರಿಸುವುದು ವಾಡಿಕೆ. ಆ ವಿವರಣೆ ಸಾಲದು.

ಕಾಲಕ್ರಮವೇ ಅದಕ್ಕೆ ಅಡ್ಡ ನಿಲ್ಲುತ್ತದೆ. ಸಾಖರ್ ಈ ವೃಂದವನ್ನು ಕಟ್ಟಿದ್ದು 1926ರಲ್ಲಿ, ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ. 1928ರಲ್ಲಿ ಗಾಯನವೃಂದ ಜೊತೆಗೂಡಿತು. 1933ರಲ್ಲಿ ಪ್ರಾಚೀನ ಸಂಗೀತದ ಅಧ್ಯಯನ, ಬೋಧನೆಗಾಗಿ ಸ್ಕೋಲಾ ಕಾಂಟೋರಮ್ ಬಾಸಿಲಿಯೆನ್ಸಿಸ್ ಆರಂಭವಾಯಿತು. ಹಾಫ್‌ಮನ್-ಲಾ ರೋಷ್ ಔಷಧ ಕಂಪನಿಯ ಮನೆತನದ ಸೊಸೆ, ವಿಧವೆಯಾಗಿದ್ದ ಮಾಯಾ ಅವರನ್ನು ಸಾಖರ್ ಮದುವೆಯಾದದ್ದು 1934ರಲ್ಲಿ. ಅಷ್ಟರೊಳಗೆ ವೃಂದದ ದಾರಿ ನಿಶ್ಚಯವಾಗಿತ್ತು: ಹತ್ತೊಂಬತ್ತನೆಯ ಶತಮಾನದ ಭಾರೀ ಸಿಂಫನಿಗಳನ್ನು ದೊಡ್ಡ ವಾದ್ಯವೃಂದಗಳಿಗೆ ಬಿಟ್ಟು, ಅದರ ಹಿಂದಿನ ಸಂಗೀತವನ್ನೂ ಸಮಕಾಲೀನರ ರಚನೆಗಳನ್ನೂ ನುಡಿಸುವುದು. ಹಣದಿಂದ ಹೊಸ ಕೃತಿಗಳನ್ನು ಬರೆಸುವುದು ಸುಲಭವಾಯಿತು, ನಿಜ. ಎಂಥ ಕೃತಿ ಬೇಕು ಎಂಬುದನ್ನು ಗೊತ್ತುಮಾಡಿದ್ದು ವೃಂದದ ಗಾತ್ರ.

ವೃಂದದ ಹತ್ತನೆಯ ವರ್ಷಕ್ಕೆಂದು ಬಾರ್ತೋಕ್ 1936ರಲ್ಲಿ ಬರೆದ ‘ತಂತಿವಾದ್ಯ, ತಾಳವಾದ್ಯ ಮತ್ತು ಸೆಲೆಸ್ಟಾಗಳಿಗೆ ಸಂಗೀತ’ವನ್ನು ಈ ದೃಷ್ಟಿಯಿಂದ ನೋಡಬೇಕು. 1937ರ ಜನವರಿ 21ರಂದು ಬಾಸೆಲ್‌ನಲ್ಲಿ ಅದರ ಮೊದಲ ಪ್ರಯೋಗ ನಡೆಯಿತು. ಇದರಲ್ಲಿ ಸುಷಿರ ವಾದ್ಯ ಒಂದೂ ಇಲ್ಲ. ತಂತಿವಾದ್ಯಗಳನ್ನು ಬಾರ್ತೋಕ್ ಎರಡು ಪಂಗಡ ಮಾಡಿ ವೇದಿಕೆಯ ಎಡಬಲಗಳಲ್ಲಿ ಕೂರಿಸುತ್ತಾರೆ. ನಡುವೆ ಪಿಯಾನೊ, ಹಾರ್ಪ್, ಸೆಲೆಸ್ಟಾ, ತಾಳವಾದ್ಯಗಳು. ಯಾರು ಎಲ್ಲಿ ಕೂರಬೇಕೆಂಬ ನಕ್ಷೆಯನ್ನೂ ಅವರೇ ಕೊಟ್ಟಿದ್ದಾರೆ. ಮೊದಲ ಭಾಗದಲ್ಲಿ ವಯೋಲಾಗಳು ಧ್ವನಿ ತಗ್ಗಿಸುವ ಮ್ಯೂಟ್ ಹಾಕಿಕೊಂಡು ‘ಎ’ ಸ್ವರದಿಂದ ಎಳೆ ಹಿಡಿಯುತ್ತವೆ. ಮುಂದಿನ ಪ್ರವೇಶಗಳು ಸರದಿಯಂತೆ ಒಮ್ಮೆ ಮೇಲಿನ ಪಂಚಮಕ್ಕೆ, ಒಮ್ಮೆ ಕೆಳಗಿನ ಪಂಚಮಕ್ಕೆ ಸರಿಯುತ್ತ ಹೋಗಿ, ಕೊನೆಗೆ ಎರಡು ದಾರಿಗಳೂ ‘ಇ ಫ್ಲ್ಯಾಟ್’ನಲ್ಲಿ ಸಂಧಿಸುತ್ತವೆ. ಆ ಹೊತ್ತಿಗೆ ನಾದ ಕಿವಿ ತುಂಬುವಷ್ಟು ಬೆಳೆದಿರುತ್ತದೆ. ವಾದ್ಯಗಳ ಬಗೆ ಕಡಿಮೆಯಿರುವಾಗ ವೈವಿಧ್ಯವನ್ನು ಸ್ಥಳದಲ್ಲಿ, ದೂರದಲ್ಲಿ, ಸಾಂದ್ರತೆಯಲ್ಲಿ ಹುಡುಕಿದ ಬಗೆಯಿದು. ಇಂಥ ಬಿಗಿ ಎಷ್ಟೋ ಭಾರೀ ಸಿಂಫನಿಗಳಿಗೂ ದಕ್ಕಿಲ್ಲವೆಂದು ನನ್ನ ಅಭಿಪ್ರಾಯ.

ಮಾರ್ಟಿನು ಅವರ 1938ರ ‘ಡಬಲ್ ಕನ್ಚೆರ್ಟೊ’ದಲ್ಲೂ ಎರಡು ತಂತಿವಾದ್ಯ ಪಂಗಡಗಳು, ಪಿಯಾನೊ, ಟಿಂಪನಿ ಇವಿಷ್ಟೇ. ಬಾರ್ತೋಕ್ ತಮ್ಮ ‘ಡಿವರ್ಟಿಮೆಂಟೊ’ವನ್ನು 1939ರ ಆಗಸ್ಟ್‌ನಲ್ಲಿ, ಯುದ್ಧ ಹೊಸ್ತಿಲಲ್ಲಿದ್ದಾಗ, ಸಾನೆನ್ ಎಂಬ ಸ್ವಿಸ್ ಹಳ್ಳಿಯಲ್ಲಿ ಸಾಖರ್ ಒದಗಿಸಿದ ಮನೆಯಲ್ಲಿ ಕೂತು ಬರೆದರು. ಸಂಭಾವನೆಯ ಜೊತೆಗೆ ನೆಮ್ಮದಿಯ ಕೋಣೆಯನ್ನೂ ಕೊಟ್ಟ ಈ ಪೋಷಣೆ ಆ ದಿನಗಳಲ್ಲಿ ಸಣ್ಣ ಸಂಗತಿಯಲ್ಲ.

ಇಪ್ಪತ್ತನೆಯ ವರ್ಷಕ್ಕೆ, 1947ರ ಜನವರಿಯಲ್ಲಿ, ಸ್ಟ್ರಾವಿನ್‌ಸ್ಕಿಯವರ ತಂತಿವಾದ್ಯ ಕನ್ಚೆರ್ಟೊ ಮತ್ತು ಒನೆಗರ್ ಅವರ ನಾಲ್ಕನೆಯ ಸಿಂಫನಿ ಬಂದವು. ಒನೆಗರ್ ತಮ್ಮ ಕೃತಿಗೆ ‘ಬಾಸೆಲ್‌ನ ಸವಿಗಳು’ ಎಂಬರ್ಥದ ಲ್ಯಾಟಿನ್ ಹೆಸರಿಟ್ಟರು. ಊರಿನ ಜನಪದ ಹಾಡಿನ ಧಾಟಿಯನ್ನೂ, ಕಾರ್ನಿವಲ್‌ನ ನಸುಕಿನ ಮೆರವಣಿಗೆಯ ಮಟ್ಟನ್ನೂ ಅದರೊಳಗೆ ಹೆಣೆದರು. ಕೇಳುಗರ ನಿತ್ಯದ ಹಾಡು ಹೀಗೆ ಸಿಂಫನಿಯ ಸಾಮಗ್ರಿಯಾಯಿತು.

ಒಬ್ಬ ವ್ಯಕ್ತಿಯ ಅಭಿರುಚಿಯನ್ನೇ ನೆಚ್ಚಿದ್ದ ಸಂಸ್ಥೆಗೆ ಅದರದೇ ಮಿತಿಯೂ ಇತ್ತು. 1987ರಲ್ಲಿ ವೃಂದ ವಿಸರ್ಜನೆಗೊಂಡಾಗ ಅದನ್ನು ಮುಂದುವರಿಸುವ ಉತ್ತರಾಧಿಕಾರಿ ಬರಲಿಲ್ಲ. ಇಂದು ‘ಕಾಮರ್‌ಆರ್ಕೆಸ್ಟರ್ ಬಾಸೆಲ್’ ಎಂಬ ಹೆಸರಿನಲ್ಲಿ ನುಡಿಸುತ್ತಿರುವುದು 1984ರಲ್ಲಿ ಯುವ ವಾದಕರು ಬೇರೆಯಾಗಿಯೇ ಕಟ್ಟಿದ ವೃಂದ.