ಕಾಲುವೆಯ ಬೆನ್ನಿಗೆ ಬಂದವರು: ರಾಯಚೂರು ಸೀಮೆಯಲ್ಲಿ ವಲಸೆಗಾರರ ಸಂಸ್ಕೃತಿಯ ಉಳಿವು, ಅಳಿವು

ವಲಸೆ ಬಂದವನು ತನ್ನ ಸಂಸ್ಕೃತಿಯಲ್ಲಿ ಎಷ್ಟನ್ನು ಉಳಿಸಿಕೊಂಡ, ಎಷ್ಟನ್ನು ಕಳೆದುಕೊಂಡ ಎಂದು ಲೆಕ್ಕ ಹಾಕುವುದು ಈ ವಿಷಯವನ್ನು ಕುರಿತು ಬರೆಯುವವರಿಗೆ ರೂಢಿಯಾಗಿರುವ ಕ್ರಮ. ಕೃಷ್ಣಾ ತುಂಗಭದ್ರೆಗಳ ನಡುವಣ ದೋಆಬಿನಲ್ಲಿ, ಅಂದರೆ ರಾಯಚೂರು, ಮಾನ್ವಿ, ದೇವದುರ್ಗಗಳ ಸೀಮೆಯಲ್ಲಿ, ಈ ಲೆಕ್ಕವನ್ನು ಒಂದೇ ಪಕ್ಕದಿಂದ ಬರೆದರೆ ಸಾಲದು. ಏತಕ್ಕೆಂದರೆ ಕಳೆದ ಎಪ್ಪತ್ತು ವರ್ಷಗಳಲ್ಲಿ ಇಲ್ಲಿಗೆ ಬಂದವರು ಬದಲಾದುದಕ್ಕಿಂತ, ಅವರನ್ನು ಬರಮಾಡಿಕೊಂಡವರ ಹೊಲ, ಒಲೆ ಮತ್ತು ಕೂಲಿಯ ಮಾತು ಬದಲಾದುದೇ ಹೆಚ್ಚು. ಸಂಸ್ಕೃತಿಯ ಉಳಿವನ್ನು ಭಾಷಾಭಿಮಾನದ ಮಾತಾಗಿ ವರ್ಣಿಸುವುದು ಸುಲಭ. ಆದರೆ ಮನೆಗಳು ಒತ್ತಾಗಿ ಒಂದೆಡೆ ಇವೆಯೆ, ನೆಲದ ಪಹಣಿ ಯಾರ ಹೆಸರಿನಲ್ಲಿದೆ, ಮಗನಿಗೆ ಹೆಣ್ಣನ್ನು ಯಾವ ಊರಿನಿಂದ ತರುತ್ತಾರೆ ಎಂಬ ಈ ಮೂರನ್ನು ವಿಚಾರಿಸಿದವನಿಗೆ ಉಳಿದುದರ ಹಾಗೂ ಅಳಿದುದರ ಕಾರಣ ಬಹುಮಟ್ಟಿಗೆ ದೊರೆಯುತ್ತದೆಂಬುದು ಈ ಲೇಖನದ ಪ್ರತಿಪಾದ್ಯ.

ಈ ಸೀಮೆ ಎಂದೂ ಒಂದೇ ಜನದ ಸೀಮೆಯಾಗಿರಲಿಲ್ಲ. ರಾಯಚೂರಿನ ಕೋಟೆಯನ್ನು 1294ರಲ್ಲಿ ಕಟ್ಟಿಸಿದವರು ಓರುಗಲ್ಲಿನ ಕಾಕತೀಯರ ಅಧಿಕಾರಿಗಳು. 1520ರಲ್ಲಿ ಕೃಷ್ಣದೇವರಾಯನು ಅದನ್ನು ಬಿಜಾಪುರದ ಇಸ್ಮಾಯಿಲ್ ಆದಿಲಶಾಹನ ಕೈಯಿಂದ ಗೆದ್ದುಕೊಂಡಾಗ ಅವನ ಸೈನ್ಯದ ಜೊತೆಗೆ ಪೋರ್ಚುಗೀಸ್ ಬಂದೂಕುಗಾರರಿದ್ದರು. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ಜಿ.ಐ.ಪಿ. ರೈಲ್ವೆಯೂ ಮದರಾಸಿನ ಕಡೆಯಿಂದ ಬಂದ ರೈಲ್ವೆಯೂ ರಾಯಚೂರಿನಲ್ಲಿಯೇ ಸಂಧಿಸಿದ ಮೇಲೆ ಹತ್ತಿ, ಶೇಂಗಾಗಳ ವ್ಯಾಪಾರವನ್ನರಸಿ ಬಂದ ಸೇಟುಗಳು ಊರಿನ ಗಂಜಿನಲ್ಲಿ ನೆಲೆಯೂರಿದರು. ಆಳುವ ನಿಜಾಮನ ಭಾಷೆ ಉರ್ದು, ಪೇಟೆಯಲ್ಲಿ ಅರ್ಧ ತೆಲುಗು, ಹಳ್ಳಿಯಲ್ಲಿ ಕನ್ನಡ. ಆದಾಗ್ಯೂ ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಹರಿಕಥಾಮೃತಸಾರವನ್ನು ರಚಿಸಿದ ಮಾನ್ವಿಯ ಜಗನ್ನಾಥದಾಸರು ಹಾಡಿದ ಕನ್ನಡವು ಸರ್ಕಾರದ ಆಶ್ರಯವಾಗಲಿ ಶಾಲೆಯಾಗಲಿ ಇಲ್ಲದೆ ಭಜನೆಯ ತಾಳದೊಡನೆ ಬಾಯಿಂದ ಬಾಯಿಗೆ ನಡೆದುಬಂತು. ಮುಂದೆ ನಿಜಾಮನ ಕಾಲದ ಉರ್ದು ವಿದ್ಯಾಭ್ಯಾಸವನ್ನೇ ಬಂಡವಾಳ ಮಾಡಿಕೊಂಡು ಕವಿ ಶಾಂತರಸರು ಗಜಲನ್ನು ಕನ್ನಡಕ್ಕೆ ತಂದರು. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಸ್ಥಾಪಿಸಿ ಈ ಸೀಮೆಯ ಎಚ್ಚರಕ್ಕೆ ಕಾರಣರಾದ ಪಂಡಿತ ತಾರಾನಾಥರಾದರೂ ಹುಟ್ಟಿದ್ದು ಮಂಗಳೂರಿನಲ್ಲಿ. ಅವರನ್ನು ಇಲ್ಲಿ ಪರಊರಿನವರೆಂದು ಕರೆಯುವ ಎದೆಗಾರಿಕೆ ಇಂದು ಯಾರಿಗೂ ಬಾರದು.

ಹಾಗಿರುವಲ್ಲಿ ವಲಸೆಗಾರನೆಂದರೆ ಯಾರು? ಇದು ಬಹುಮಟ್ಟಿಗೆ ತೇದಿಯ ಪ್ರಶ್ನೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಬಂದು, ಅದೇ ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ನಿನ್ನೆಯವರೆಗೆ ನೆರೆಯವನಾಗಿದ್ದವನು ಗೆರೆಯೊಂದರಿಂದ ಪರರಾಜ್ಯದವನಾದ. ಆ ಗೆರೆಗೆ ಮುಂಚೆಯೇ ರಾಯಚೂರಿನಲ್ಲಿದ್ದ, ಮನೆಯಲ್ಲಿ ತೆಲುಗನ್ನಾಡುವ ಮುನ್ನೂರು ಕಾಪು ಸಮಾಜದವರನ್ನು ಯಾರೂ ವಲಸೆಗಾರರೆನ್ನುವುದಿಲ್ಲ. ಕನ್ನಡದ ಒಕ್ಕಲಿನ ಹಬ್ಬವಾದ ಕಾರಹುಣ್ಣಿಮೆಯನ್ನು ಈ ಸಮಾಜವೇ ಮುಂಗಾರು ಸಾಂಸ್ಕೃತಿಕ ರಾಯಚೂರು ಹಬ್ಬವೆಂದು ಊರಿನ ದೊಡ್ಡ ಉತ್ಸವವಾಗಿ ನಡೆಸುತ್ತದೆ. ಅದರ ಮುಖ್ಯ ಆಕರ್ಷಣೆ, ಭಾರಿ ಕಲ್ಲಿಗೆ ಎತ್ತುಗಳನ್ನು ಹೂಡಿ ಎಳೆಸುವ ಸ್ಪರ್ಧೆ, ತೆಲುಗು ನಾಡಿನಲ್ಲಿ ಬಹುಪ್ರಿಯವಾದ ಆಟ. ಹಬ್ಬ ಇಲ್ಲಿಯದು, ಪಂದ್ಯ ಅಲ್ಲಿಯದು. ನೋಡಲು ನೆರೆದವರಲ್ಲಿ ಈ ವಿವೇಚನೆ ಮಾಡುವವನು ಸಂಶೋಧಕನೊಬ್ಬನೇ ಇರಬಹುದು.

ಇನ್ನು ಮುಖ್ಯ ಸಂಗತಿಗೆ ಬರೋಣ. 1945ರಲ್ಲಿ ಮದರಾಸು ಹಾಗೂ ಹೈದರಾಬಾದು ಸರ್ಕಾರಗಳು ಕೂಡಿ ಅಸ್ತಿಭಾರ ಹಾಕಿದ ತುಂಗಭದ್ರಾ ಅಣೆಕಟ್ಟು 1953ರ ಹೊತ್ತಿಗೆ ಸಿದ್ಧವಾಗಿ, 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿಗಳನ್ನು ಹಾಯ್ದು ರಾಯಚೂರು ತಾಲ್ಲೂಕನ್ನು ಮುಟ್ಟಿತು. ಸುಮಾರು 6 ಲಕ್ಷ ಎಕರೆಗೆ ನೀರು ಹಂಚಬೇಕೆಂಬ ಆ ಯೋಜನೆಯಲ್ಲಿ ಭತ್ತಕ್ಕೆ ಇಟ್ಟ ಪಾಲು ಅತ್ಯಲ್ಪ. ಬರಗಾಲದ ಸೀಮೆಯಾದುದರಿಂದ ಜೋಳ, ಹತ್ತಿ, ಶೇಂಗಾಗಳಿಗೆ ಒಂದೆರಡು ತೇವ ಕೊಟ್ಟು ಆದಷ್ಟು ಹೆಚ್ಚು ಹೊಲಗಳನ್ನು ಕಾಪಾಡಬೇಕೆಂಬುದೇ ಎಂಜಿನಿಯರುಗಳ ಸಂಕಲ್ಪ. ಆದರೆ ಮಳೆಯನ್ನು ನಂಬಿ ಎರೆಹೊಲದಲ್ಲಿ ಹಿಂಗಾರಿ ಜೋಳ ಬಿತ್ತುತ್ತಿದ್ದ ಒಕ್ಕಲಿಗನಿಗೆ ಹೊಲವನ್ನು ಸಮಮಾಡಿ ಮಡಿ ಕಟ್ಟುವ ಖರ್ಚೂ ಕಷ್ಟ, ವಿದ್ಯೆಯೂ ಹೊಸತು. ಕೃಷ್ಣಾ, ಗೋದಾವರಿ ನದೀಮುಖಗಳ ಜಿಲ್ಲೆಗಳಲ್ಲಿ ತಲೆಮಾರುಗಳಿಂದ ಕಾಲುವೆಯ ನೀರಿನಲ್ಲಿ ಪಳಗಿದ ರೈತರಿಗೆ ಅದೇ ಕರಗತವಾಗಿದ್ದ ವಿದ್ಯೆ. ಅಲ್ಲಿ ಸ್ವಲ್ಪ ನೆಲ ಮಾರಿದರೆ ಇಲ್ಲಿ ಅದರ ಹಲವು ಪಾಲು ಕೊಳ್ಳಬಹುದಾಗಿತ್ತು. ಹಿಂದೆ ನಿಜಾಂಸಾಗರದ ಕೆಳಗೆ ನಡೆದಂತೆಯೇ ಇಲ್ಲಿಯೂ ಕುಟುಂಬಗಳು ಬಂಧುಬಳಗದೊಡನೆ ಬಂದು, ತಾವು ಕೊಂಡ ಹೊಲದ ಮಗ್ಗುಲಲ್ಲಿಯೇ ಮನೆ ಕಟ್ಟಿಕೊಂಡವು. ಹೀಗೆ ಹುಟ್ಟಿದುವು ‘ಕ್ಯಾಂಪು’ಗಳು.

ಕ್ಯಾಂಪಿನ ರಚನೆಯನ್ನು ಕೊಂಚ ಸಮೀಪದಿಂದ ನೋಡಬೇಕು. ಹಳೆಯ ಊರಿನಲ್ಲಿ ಅಗಸಿ, ಅಗಸಿಯ ಬಳಿ ಹನುಮಪ್ಪನ ಗುಡಿ, ಒತ್ತೊತ್ತಾದ ಮಣ್ಣಿನ ಮಾಳಿಗೆಯ ಮನೆಗಳು, ಜಾತಿಗೊಂದರಂತೆ ಕೇರಿಗಳು. ಕ್ಯಾಂಪು ಊರಿನಿಂದ ದೂರ, ಉಪಕಾಲುವೆಯ ಏರಿಯ ಪಕ್ಕ. ನೇರವಾದ ಬೀದಿ, ಬೀದಿಯ ಒಂದೆಡೆ ರಾಮಮಂದಿರ, ಅಂಗಳದಲ್ಲಿ ಎಮ್ಮೆ, ಹುಲ್ಲಿನ ಬಣವೆ, ಬಾಗಿಲ ಮುಂದೆ ದಿನವೂ ರಂಗವಲ್ಲಿ. ರಾಮನವಮಿಗೆ ಮಂದಿರದಲ್ಲಿ ಸೀತಾರಾಮರ ಕಲ್ಯಾಣ. ಸಂಕ್ರಾಂತಿಗೆ ಭೋಗಿಯ ಬೆಂಕಿಯಿಂದ ತೊಡಗಿ ಮೂರು ದಿನ ಹಬ್ಬ; ಸುತ್ತಲ ಊರುಗಳವರಿಗೆ ಅದೇ ಸಂಕ್ರಾಂತಿ ಎಳ್ಳು ಹಚ್ಚಿಕೊಂಡು ಹೊಳೆಯಲ್ಲಿ ಮಿಂದು, ಸಜ್ಜೆರೊಟ್ಟಿ ತಿಂದು ಮುಗಿಸುವ ದಿನ. ಊರಿಗೂ ಕ್ಯಾಂಪಿಗೂ ಹೆಸರು ಹಲವೆಡೆ ಒಂದೇ, ಕೊನೆಗೊಂದು ‘ಕ್ಯಾಂಪ್’ ಸೇರುತ್ತದೆ, ಅಷ್ಟೆ. ಬದುಕಿಗೆ ಬಂದರೆ ಎರಡಕ್ಕೂ ಕೂಲಿಯ ಮೂಲಕ ಬೆಳೆದಷ್ಟು ನಂಟು ಪಂಕ್ತಿಯಲ್ಲಿ ಬೆಳೆಯಲಿಲ್ಲ.

ಇಂಥ ನೆಲೆಯಲ್ಲಿ ಮೊದಲು ಹೋಗುವುದು ಲಿಪಿ. ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿತ ಎರಡನೆಯ ತಲೆಮಾರಿನವರು ತೆಲುಗನ್ನು ನಿರರ್ಗಳವಾಗಿ ಆಡಿಯೂ ಅಜ್ಜನ ಪತ್ರವನ್ನು ಓದಲಾರದವರಾದರು. ಕಡೆಯವರೆಗೆ ಉಳಿಯುವುದು ಮದುವೆಯ ಸಂಬಂಧ. ಗುಂಟೂರು, ಭೀಮವರಂ ಸೀಮೆಗಳು ಇಲ್ಲಿಂದ ಒಂದು ರಾತ್ರಿಯ ಪ್ರಯಾಣ. ಸೊಸೆಯಾಗಿ ಬಂದ ಹೆಣ್ಣು ಒಗ್ಗರಣೆಯನ್ನೂ ಉಚ್ಚಾರಣೆಯನ್ನೂ ಪ್ರತಿ ತಲೆಮಾರಿಗೂ ಹೊಸದಾಗಿ ತರುತ್ತಾಳೆ. 1845ರಿಂದ 1917ರವರೆಗೆ ಕರಾರಿನ ಕೂಲಿಗಳಾಗಿ ಟ್ರಿನಿಡಾಡ್ ದ್ವೀಪಕ್ಕೆ ಹೋದ ಭೋಜಪುರಿ ಜನರಿಗೆ ಈ ದಾರಿ ಸಮುದ್ರದಿಂದ ಕಡಿದುಹೋಗಿತ್ತು. ರಾಮಲೀಲೆ ಉಳಿಯಿತು, ರೊಟ್ಟಿ ಉಳಿಯಿತು, ಭಾಷೆ ಮಾತ್ರ ಬಹುತೇಕ ಅಳಿಯಿತು. ಅಂತೆಯೇ ಕಾಲುವೆಯ ಮೇಲ್ಭಾಗದಲ್ಲಿ, ನೀರು ನಿಶ್ಚಿತವಾಗಿರುವಲ್ಲಿ ಕ್ಯಾಂಪು ಗಟ್ಟಿಯಾಗಿಯೂ, ಮಾನ್ವಿ, ರಾಯಚೂರುಗಳ ಕೊನೆಭಾಗದಲ್ಲಿ, ಮೇಲಿನವರ ಭತ್ತವೇ ನೀರನ್ನೆಲ್ಲ ಕುಡಿದು ಸರದಿಗಾಗಿ ಧರಣಿ ಕೂಡುವ ಕಡೆಯಲ್ಲಿ, ವಿರಳವಾಗಿಯೂ ಇರುವುದಕ್ಕೆ ಭಾಷೆಯ ಒಲವಿಗಿಂತ ತೂಬಿನ ಅಳತೆಯೇ ಕಾರಣವೆಂದು ನನ್ನ ಅಭಿಪ್ರಾಯ.

ಸ್ಥಳೀಕರ ಪಾಲಿಗೆ ಆದುದನ್ನೂ ಹೇಳತಕ್ಕದ್ದು. ನಾಟಿಗೆ, ಕಳೆಗೆ ಹೋದ ಹೆಣ್ಣಾಳುಗಳು ಒಡೆಯನ ತೆಲುಗನ್ನು ಕಲಿತರೇ ಹೊರತು ಒಡೆಯರ ಮನೆಯ ಹಿರಿಯರು ಆಳಿನ ಕನ್ನಡವನ್ನು ಕಲಿಯುವ ಗೋಜಿಗೆ ಅಷ್ಟಾಗಿ ಹೋಗಲಿಲ್ಲ. ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದ ಮನೆಗಳಲ್ಲಿ ಸೋನಾ ಮಸೂರಿಯ ಚೀಲ ಬಂದು ಕುಳಿತಿತು. ಹಬ್ಬದೂಟವಾಗಿದ್ದ ಅನ್ನ ನಿತ್ಯದೂಟವಾಯಿತು. ರೊಟ್ಟಿ ಬಡಿಯುವ ಸದ್ದು ಎರಡು ಹೊತ್ತಿನಿಂದ ಒಂದು ಹೊತ್ತಿಗೆ ಇಳಿಯಿತು. ಜೋಳದೊಡನೆ ಹಸು, ಎತ್ತುಗಳಿಗೆ ಸಿಗುತ್ತಿದ್ದ ಕಣಿಕೆಯೂ ಹೋಯಿತು, ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರು ಬಂತು. ಕ್ಯಾಂಪಿನವರು ನೆಲ ಕಸಿದರೆಂಬ ದೂರು ಇಂದಿಗೂ ಕೇಳಿಬರುತ್ತದೆ. ನೆಲವನ್ನು ಕಸಿಯಲಿಲ್ಲ, ಕೊಂಡರು, ಮಾರಿದವರು ಇಲ್ಲಿಯ ದೊಡ್ಡ ಹಿಡುವಳಿದಾರರು ಎಂಬುದು ಆ ದೂರಿನಲ್ಲಿ ಹೇಳದೆ ಬಿಡುವ ಭಾಗ. ಆದರೆ ಮಾರಾಟದ ಹಣದಲ್ಲಿ ಆ ಹೊಲದ ಕೂಲಿಯವನಿಗೆ ಏನೂ ಬರಲಿಲ್ಲವೆಂಬುದೂ ಅಷ್ಟೇ ನಿಜ.

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ ಬೇರೊಂದು ಬಗೆಯ ಕ್ಯಾಂಪುಗಳುಂಟು. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿ ಹಿಂದೂ ನಿರಾಶ್ರಿತರಿಗೆ ಸರ್ಕಾರವೇ ನೆಲ ಕೊಟ್ಟು ಇರಿಸಿದ ಇವನ್ನು ಜನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳೆನ್ನುತ್ತಾರೆ. ಇವರು ದುರ್ಗಾಪೂಜೆಯನ್ನೂ ಮೀನಿನ ಸಾರನ್ನೂ ಬಿಟ್ಟಿಲ್ಲ, ಮಕ್ಕಳು ಕನ್ನಡವನ್ನು ಚೆನ್ನಾಗಿ ಕಲಿತಿದ್ದಾರೆ. ತವರಿಗೆ ಹಿಂದಿರುಗುವ ಹಾದಿಯಿಲ್ಲದ ಇವರಿಗೆ ಬಂಗಾಳಿತನವೆಂಬುದು ಕಾಗದಪತ್ರದ ವ್ಯವಹಾರವೂ ಹೌದು: ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿಯೆನಿಸಿದ ನಾಮಶೂದ್ರರಿಗೆ ಕರ್ನಾಟಕದ ಪಟ್ಟಿಯಲ್ಲಿ ಸ್ಥಾನವಿಲ್ಲದುದರಿಂದ, ತಾವು ಯಾರೆಂಬುದನ್ನು ಅರ್ಜಿಗಳಲ್ಲಿ ಮತ್ತೆ ಮತ್ತೆ ಬರೆದು ತೋರಿಸಬೇಕಾಗಿದೆ.

ಲಿಪಿ ಹೋದರೆ ಭಾಷೆಯೂ ಸಡಿಲವಾದೀತೆಂದು ಊಹಿಸುವವರಿಗೆ ದೇವದುರ್ಗದ ತಾಂಡಾಗಳು ದೊಡ್ಡ ಅಡ್ಡಿ. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಮೊಗಲರ ದಂಡುಗಳ ಜೊತೆಗೆ ದಖ್ಖಣಕ್ಕೆ ಇಳಿದ ಲಂಬಾಣಿಗಳ ನುಡಿಗೆ ತನ್ನದೆಂಬ ಲಿಪಿಯೇ ಇರಲಿಲ್ಲ. ರೈಲು ಬಂದು ಅವರ ಹೇರಿನ ಕಸುಬನ್ನು ಮುರಿದರೂ ಗುಡ್ಡದ ಮಗ್ಗುಲಲ್ಲಿ ಬಿಡದಿ ಮಾಡಿಕೊಂಡು, ಸೇವಾಲಾಲರನ್ನು ನೆನೆದು, ತೀಜ್ ಹಬ್ಬಕ್ಕೆ ಗೋಧಿಯ ಸಸಿ ಬೆಳೆಸುತ್ತ, ಶತಮಾನಗಳ ಬಳಿಕವೂ ಮನೆಯಲ್ಲಿ ಗೋರಬೋಲಿಯನ್ನೇ ಆಡುತ್ತಾರೆ. ಒತ್ತಾದ ಮನೆಗಳು, ತಾಂಡಾದಿಂದ ತಾಂಡಾಕ್ಕೆ ಮದುವೆ: ಇಲ್ಲಿಯೂ ಅದೇ ಎರಡು ಕಾರಣಗಳು, ಮೂರನೆಯದಾದ ನೆಲ ಮಾತ್ರ ಇವರ ಪಾಲಿಗೆ ಎಂದೂ ಸಾಲದಾಯಿತು.

ಆ ಸಾಲದ ನೆಲವೇ ಅವರನ್ನೂ, ದೇವದುರ್ಗದ ಇತರ ಹಳ್ಳಿಗರನ್ನೂ ಗುಳೆ ಎಬ್ಬಿಸುತ್ತದೆ. ಸುಗ್ಗಿ ಮುಗಿದೊಡನೆ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗಿ ತಗಡಿನ ಶೆಡ್ಡುಗಳಲ್ಲಿ ಇರುವ ಈ ಜನರು ಮೊಹರಂಗೆ, ಅಲಾಯಿ ಕುಣಿಯ ಸುತ್ತ ಹಿಂದೂ ಮುಸಲ್ಮಾನರೆನ್ನದೆ ಹೆಜ್ಜೆ ಹಾಕುವ ರಾತ್ರಿಗಳಿಗೆ, ಬಸ್ಸು ತುಂಬಿಕೊಂಡು ಊರಿಗೆ ಬರುತ್ತಾರೆ. 1982ರಲ್ಲಿ ಮುಗಿದ ನಾರಾಯಣಪುರ ಅಣೆಕಟ್ಟಿನ ಬಲದಂಡೆ ಕಾಲುವೆ ತಡವಾಗಿಯಾದರೂ ದೇವದುರ್ಗದ ಹೊಲಗಳಿಗೆ ನೀರು ತಂದಿದೆ. ಆ ನೀರಿನ ಕೆಳಗೆ ಕೆಲವೆಡೆ ಹೊಲವನ್ನು ಲೀಸಿಗೆ ಹಿಡಿದು ಭತ್ತ ನೆಡಿಸುವವರು ಆಂಧ್ರದಿಂದ ಬಂದ ರೈತರು. ಹೊಲ ಕೊಟ್ಟವರಲ್ಲಿ ಕೆಲವರು, ಲೀಸಿನ ಹಣ ಕೈಗೆ ಬಂದ ಮೇಲೂ, ಬೆಂಗಳೂರಿನ ಶೆಡ್ಡುಗಳಲ್ಲಿಯೇ ಇದ್ದಾರೆ.