ಬೃಹದಣುವಿಗಾಗಿ ನಡೆದ ವಾದ

ನೀರಿನ ಒಂದು ಅಣುವಿನಲ್ಲಿ ಪರಮಾಣುಗಳು 3. ಸಕ್ಕರೆಯ ಅಣುವಿನಲ್ಲಿ 45. ಅಣುವೆಂದರೆ ಹೀಗೆ ಎಣಿಕೆಗೆ ನಿಲುಕುವ ಚಿಕ್ಕ ವಸ್ತುವೆಂದೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಹುಪಾಲು ರಸಾಯನ ಪಂಡಿತರು ನಂಬಿದ್ದರು. ಹಾಗಾದರೆ ಕಾಯಿಸಿದರೆ ಆವಿಯಾಗದ, ಕರಗಿಸಿದರೆ ಅಂಟಾಗುವ ರಬ್ಬರಿನ ಗತಿಯೇನು? ಅಲ್ಲಿಯೂ ಅಣುಗಳು ಚಿಕ್ಕವೇ, ಯಾವುದೋ ದುರ್ಬಲ ಆಕರ್ಷಣೆಯಿಂದ ಗುಂಪುಗೂಡಿವೆ, ಅಷ್ಟೆ, ಎಂದು ಸಮಾಧಾನ ಹೇಳಿಕೊಂಡರು.

1920ರಲ್ಲಿ, ಜ್ಯೂರಿಕ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಜರ್ಮನ್ ವಿಜ್ಞಾನಿ ಹರ್ಮನ್ ಸ್ಟೌಡಿಂಗರ್ ಇದನ್ನು ಅಲ್ಲಗಳೆದರು. ಅದು ಗುಂಪಲ್ಲ, ಸರಪಣಿ. ಸಾವಿರಾರು ಪರಮಾಣುಗಳು ಸಾಮಾನ್ಯ ರಾಸಾಯನಿಕ ಬಂಧದಿಂದಲೇ ಕೊಂಡಿಗೆ ಕೊಂಡಿ ಸೇರಿ ಒಂದೇ ಅಣುವಾಗಿವೆ ಎಂದರು. ಕೀಟೀನುಗಳನ್ನು ಕಂಡುಹಿಡಿದು ಆಗಲೇ ಹೆಸರಾಗಿದ್ದವರಿಗೆ ಈ ಅಂಟಿನ ಗೊಡವೆ ಏಕೆಂದು ಸ್ನೇಹಿತರು ಮರುಗಿದರಂತೆ!

ವಿರೋಧಿಗಳ ವಾದವನ್ನು ಅವರು ಪರೀಕ್ಷೆಗೊಡ್ಡಿದ ಬಗೆ ಸೊಗಸಾದದ್ದು. ರಬ್ಬರಿನಲ್ಲಿರುವ ಇಂಗಾಲದ ಜೋಡಿಬಂಧಗಳೇ ಚಿಕ್ಕ ಅಣುಗಳನ್ನು ಒಂದೆಡೆ ಹಿಡಿದಿಟ್ಟಿವೆ ಎನ್ನುತ್ತಿದ್ದರಷ್ಟೆ? ಹಾಗಿದ್ದರೆ ಜಲಜನಕವನ್ನು ಕೂಡಿಸಿ ಆ ಜೋಡಿಬಂಧಗಳನ್ನು ಇಲ್ಲವಾಗಿಸಿದೊಡನೆ ಗುಂಪು ಚದರಬೇಕು. ಉಳಿದ ದ್ರವ್ಯ ಸುಲಭವಾಗಿ ಬಟ್ಟಿಯಿಳಿಯಬೇಕು. 1922ರಲ್ಲಿ ಸ್ಟೌಡಿಂಗರ್ ಅದನ್ನೇ ಮಾಡಿ ನೋಡಿದರು. ಬಂದದ್ದು ರಬ್ಬರಿನಷ್ಟೇ ಮೊಂಡು ವಸ್ತು, ಬಟ್ಟಿಯಿಳಿಯಲು ಒಲ್ಲೆನೆಂದಿತು. ಬೃಹದಣುವೆಂಬ ಅರ್ಥದ ಹೊಸ ಪದವನ್ನು ಅವರು ಬಳಸಿದ್ದು ಆ ಪ್ರಯೋಗದ ವರದಿಯಲ್ಲಿಯೇ.

ಎದುರಾಳಿಗಳು ಆಗಲೂ ಮಣಿಯಲಿಲ್ಲ. ಅವರದು ಬರಿಯ ಹಠವೆನ್ನುವಂತಿಲ್ಲ. ಕ್ಷ-ಕಿರಣಗಳಿಂದ ಅಳೆದಾಗ ಹತ್ತಿಯ ಸೆಲ್ಯುಲೋಸ್ ಹರಳಿನ ಮೂಲಘಟಕ ತೀರ ಚಿಕ್ಕದೆಂದು ಕಂಡಿತ್ತು. ಕೋಣೆಗಿಂತ ದೊಡ್ಡವನು ಕೋಣೆಯೊಳಗೆ ಮಲಗಿಯಾನೆ? ನೀಳವಾದ ಸರಪಣಿ ಕೋಣೆಯಿಂದ ಕೋಣೆಗೆ ಹಾಯ್ದುಹೋಗಬಹುದೆಂಬುದು ಬಹುಮಂದಿಗೆ ಹೊಳೆದಿರಲಿಲ್ಲ. 1926ರಲ್ಲಿ ಡ್ಯೂಸೆಲ್‌ಡಾರ್ಫಿನ ಸಭೆಯಲ್ಲಿ ಸ್ಟೌಡಿಂಗರ್ ಹೆಚ್ಚುಕಡಿಮೆ ಒಂಟಿಯಾಗಿ ವಾದಿಸಬೇಕಾಯಿತು.

ಅದೇ ದಶಕದಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಸ್ವೆಡ್‌ಬರ್ಗ್ ಅವರು ದ್ರಾವಣವನ್ನು ಅತಿವೇಗವಾಗಿ ಸುತ್ತಿಸುವ ಯಂತ್ರ ಕಟ್ಟಿ, ರಕ್ತದ ಹಿಮೋಗ್ಲೋಬಿನ್ ಅಣು ಜಲಜನಕದ ಪರಮಾಣುವಿಗಿಂತ 60,000 ಪಟ್ಟಿಗೂ ಮೀರಿ ತೂಗುತ್ತದೆಂದು ತೋರಿಸಿದರು. 1935ರಲ್ಲಿ ಅಮೆರಿಕದ ಕರೋಥರ್ಸ್ ಬಳಗ ಸರಪಣಿಯನ್ನು ಕೈಯಾರೆ ಹೆಣೆದು ನೈಲಾನ್ ಮಾಡಿತು. ಹತ್ತಿ, ರೇಷ್ಮೆ, ಉಣ್ಣೆ, ಅನ್ನದ ಪಿಷ್ಟ, ನಮ್ಮ ಚರ್ಮ, ಎಲ್ಲೆಲ್ಲಿಯೂ ಬೃಹದಣುಗಳೇ ಎಂದಾಯಿತು.

ಸ್ಟೌಡಿಂಗರ್‌ಗೆ ನೊಬೆಲ್ ಬಹುಮಾನ ಬಂದದ್ದು 1953ರಲ್ಲಿ, 72ನೆಯ ವಯಸ್ಸಿನಲ್ಲಿ. ಡಿಎನ್‌ಎಯ ಜೋಡಿಸುರುಳಿ ಪ್ರಕಟವಾದದ್ದೂ ಅದೇ ವರ್ಷ. ಮನುಷ್ಯನ ಅತಿ ದೊಡ್ಡ ವರ್ಣತಂತುವಿನಲ್ಲಿರುವ ಡಿಎನ್‌ಎ ಒಂದೇ ಅಖಂಡ ಅಣು. ಬಿಡಿಸಿ ನೀಳವಾಗಿ ಹಿಡಿದರೆ ಸುಮಾರು 8 ಸೆಂಟಿಮೀಟರ್ ಉದ್ದ.