ಎಂಟನೇ ಇಯತ್ತೆಯ ಆಚೆ

ಆರಗ, ಬೇಡಗ, ಖಟಾವ, ಲಿಂಗನೂರು. ಮಿರಜ ತಾಲ್ಲೂಕಿನ ಪೂರ್ವ ಭಾಗದ ಈ ಊರುಗಳ ಹೆಸರು ಕೇಳಿದರೆ ಯಾವ ರಾಜ್ಯವೆಂದು ಹೊರಗಿನವರಿಗೆ ತಟ್ಟನೆ ಹೊಳೆಯುವುದಿಲ್ಲ. ಅನೇಕ ಮನೆಗಳಲ್ಲಿ ಕನ್ನಡ, ಸಂತೆಯಲ್ಲಿ ಎರಡೂ, ತಹಶೀಲ ಕಚೇರಿಯಲ್ಲಿ ಮರಾಠಿ; ಇದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆ. ಗಡಿಯ ಶಿಕ್ಷಣದ ಮಾತು ಬಂದಾಗಲೆಲ್ಲ ನಾವು ಪ್ರಾಥಮಿಕ ಶಾಲೆಯ ಸುತ್ತಲೇ ಗಿರಕಿ ಹೊಡೆಯುತ್ತೇವೆ: ಕನ್ನಡ ಸಾಲಿ ಉಳಿಯಿತೇ, ಮುಚ್ಚಿತೇ? ಅದಕ್ಕಿಂತ ತೊಡಕಿನದು ಅಲ್ಲಿಂದ ಹತ್ತನೆಯವರೆಗಿನ ದಾರಿ. ಎಂಟನೇ ಇಯತ್ತೆ, ಅಂದರೆ ಎಂಟನೇ ತರಗತಿ, ದಾಟುವ ಹೊತ್ತಿಗೆ ಮಾತೃಭಾಷೆಯ ಭರವಸೆ, ಕಾನೂನಿನ ಆಸರೆ, ಮಧ್ಯಾಹ್ನದ ಊಟ ಒಂದೊಂದಾಗಿ ಹಿಂದೆ ಸರಿಯುತ್ತವೆ. ಯಾರೋ ಕೂತು ಹೂಡಿದ ಸಂಚಲ್ಲ ಇದು. ಎಪ್ಪತ್ತೈದು ವರ್ಷಗಳಲ್ಲಿ ಬೇರೆ ಬೇರೆ ಕಾರಣಕ್ಕೆ ಎಳೆದ ಗೆರೆಗಳು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬಂದು ಬಿದ್ದಿವೆ.

ಸಾಂಗಲಿ, ಮಿರಜಗಳು ಪಟವರ್ಧನರ ಸಂಸ್ಥಾನಗಳಾಗಿದ್ದವು, ಪಕ್ಕದ ಜತ್ತ ಡಫಳೆಯವರದು. ಆಡಳಿತ ಮರಾಠಿಯಲ್ಲಿ ನಡೆಯುತ್ತಿತ್ತು. ಓದು ಬರಹ ಬೇಕಾದವನು ಮರಾಠಿಯನ್ನೇ ಕಲಿಯುತ್ತಿದ್ದ. ಹಾಗೆಂದು ಕನ್ನಡಕ್ಕೆ ಇಲ್ಲಿ ಜಾಗವೇ ಇರಲಿಲ್ಲ ಎನ್ನುವಂತಿಲ್ಲ. ಡೆಕ್ಕನ್ ಎಜ್ಯುಕೇಶನ್ ಸೊಸೈಟಿ 1919ರಲ್ಲಿ ಸಾಂಗಲಿಯಲ್ಲಿ ತೆರೆದ ವಿಲಿಂಗ್ಡನ್ ಕಾಲೇಜಿನಲ್ಲಿ ರಂ. ಶ್ರೀ. ಮುಗಳಿ ಕನ್ನಡ ಕಲಿಸಿದರು, ವಿ. ಕೃ. ಗೋಕಾಕ ಪ್ರಾಂಶುಪಾಲರಾಗಿದ್ದರು. ಅತ್ತ ಸೊಲ್ಲಾಪುರದ ಕಾಲೇಜಿನಲ್ಲಿ 1944ರಿಂದ 1956ರವರೆಗೆ ಬೇಂದ್ರೆಯವರು ಕನ್ನಡ ಪಾಠ ಹೇಳಿದರು. ಕಾಲೇಜಿನಲ್ಲಿ ನವೋದಯದ ದಿಗ್ಗಜರಿದ್ದರು. ಸುತ್ತಲಿನ ಹಳ್ಳಿಯ ಹುಡುಗ ಆ ಕಾಲೇಜಿನ ಬಾಗಿಲವರೆಗೆ ಕನ್ನಡದಲ್ಲಿ ಓದುತ್ತ ಬರುವುದು ಮಾತ್ರ ಬಲು ಕಷ್ಟದ ಕೆಲಸವಾಗಿತ್ತು. ತಳವಿತ್ತು, ತುದಿಯಿತ್ತು, ನಡುವೆ ತೆರಪು. ಇವತ್ತಿಗೂ ಅದು ಪೂರ್ತಿ ತುಂಬಿಲ್ಲ.

1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಸೇರಿದವು. ಮರುವರ್ಷ ದಕ್ಷಿಣ ಸಾತಾರಾ ಜಿಲ್ಲೆಯಾಯಿತು, 1960ರಲ್ಲಿ ಅದಕ್ಕೆ ಸಾಂಗಲಿಯೆಂದು ಹೆಸರಾಯಿತು. ಅದೇ 1949ರ ಆಗಸ್ಟ್‌ನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಸಭೆ ಸೇರಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಒಂದು ಅಳತೆಗೋಲು ಕೊಟ್ಟರು. ತರಗತಿಗೆ 10 ಅಥವಾ ಶಾಲೆಗೆ 40 ಮಕ್ಕಳಿದ್ದರೆ ಪ್ರಾಥಮಿಕ ಹಂತದಲ್ಲಿ ಅವರ ಭಾಷೆಯ ಶಿಕ್ಷಕರನ್ನು ಕೊಡಬೇಕು. ಹೈಸ್ಕೂಲಿಗೆ ಅಳತೆ ಬಿಗಿಯಾಯಿತು: ಒಟ್ಟು ಮಕ್ಕಳಲ್ಲಿ ಮೂರನೇ ಒಂದು ಭಾಗ ಆ ಭಾಷೆಯನ್ನು ಕೇಳಬೇಕು. 1956ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಬಂದ 350ಎ ವಿಧಿಯೂ ಮಾತೃಭಾಷೆಯ ಶಿಕ್ಷಣದ ಹೊಣೆಯನ್ನು ಪ್ರಾಥಮಿಕ ಹಂತಕ್ಕೇ ನಿಲ್ಲಿಸಿತು. ಹೈಸ್ಕೂಲು ಆಗ ಎಲ್ಲರಿಗೂ ಎಟಕುವ ವಸ್ತುವಾಗಿರಲಿಲ್ಲವಾದ್ದರಿಂದ ಇದು ಯಾರಿಗೂ ಕೊರತೆಯಾಗಿ ಕಂಡಿರಲಾರದು.

ಮಹಾರಾಷ್ಟ್ರದ ಶಾಲೆಗಳ ಕಟ್ಟೋಣವೂ ಈ ಗೆರೆಯನ್ನು ದಪ್ಪಮಾಡಿತು. 1962ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದು ಏಳನೇ ಇಯತ್ತೆಯವರೆಗಿನ ಶಾಲೆಗಳನ್ನು ವಹಿಸಿಕೊಂಡವು. ಅಲ್ಲಿಂದ ಮುಂದಿನದು ಪಶ್ಚಿಮ ಮಹಾರಾಷ್ಟ್ರದಲ್ಲಿ ಹೆಚ್ಚಾಗಿ ಶಿಕ್ಷಣ ಸಂಸ್ಥೆಗಳ ಪಾಲು. ಕರ್ಮವೀರ ಭಾವುರಾವ ಪಾಟೀಲರು 1919ರಲ್ಲಿ ಹುಟ್ಟುಹಾಕಿದ ರಯತ ಶಿಕ್ಷಣ ಸಂಸ್ಥೆ ಅವುಗಳಲ್ಲಿ ದೊಡ್ಡದು. ದುಡಿದು ಕಲಿಯುವ ಪದ್ಧತಿಯಿಂದ ಬಡ ರೈತರ ಮಕ್ಕಳನ್ನು ಹೈಸ್ಕೂಲಿಗೆ ತಂದ ಹೆಗ್ಗಳಿಕೆ ಅದಕ್ಕಿದೆ. ಕರ್ನಾಟಕದವರು ಸರ್ಕಾರಿ ಹೈಸ್ಕೂಲು ಎನ್ನುವ ಜಾಗದಲ್ಲಿ ಈ ಭಾಗದವರಿಗೆ ಸಿಗುವುದು ಸಾಮಾನ್ಯವಾಗಿ ಅನುದಾನಿತ ಹೈಸ್ಕೂಲು. ಸಂಬಳ ಸರ್ಕಾರದ್ದು, ಆಡಳಿತ ಸಂಸ್ಥೆಯದು, ಮಾಧ್ಯಮ ಸಂಸ್ಥೆಗೆ ಒಗ್ಗಿದ್ದು. ಜತ್ತ, ಅಕ್ಕಲಕೋಟೆಗಳಂತೆ ಕನ್ನಡಿಗರು ಒತ್ತಾಗಿರುವಲ್ಲಿ ಕನ್ನಡ ಹೈಸ್ಕೂಲು ಕಟ್ಟುವ ಸಂಸ್ಥೆಗಳು ಹುಟ್ಟಿದವು. ಮಿರಜದ ಪೂರ್ವದಂತೆ ಎರಡೂ ಭಾಷೆ ಬೆರೆತಲ್ಲಿ ಕನ್ನಡದ ಮಗು ನಾಲ್ಕನೆಯದನ್ನೋ ಏಳನೆಯದನ್ನೋ ಮುಗಿಸಿ ಮರಾಠಿ ತರಗತಿಗೆ ಹೋಗಿ ಕೂರುವುದೇ ವಾಡಿಕೆಯಾಯಿತು.

ಮಹಾರಾಷ್ಟ್ರಕ್ಕೆ ಸಲ್ಲಬೇಕಾದ ಮೆಚ್ಚುಗೆಯನ್ನೂ ಇಲ್ಲೇ ಸಲ್ಲಿಸಬೇಕು. 1967ರ ಜನವರಿಯಲ್ಲಿ ಪುಣೆಯಲ್ಲಿ ಶುರುವಾದ ಪಠ್ಯಪುಸ್ತಕ ಮಂಡಳ, ಎಲ್ಲರ ಬಾಯಲ್ಲಿ ಬಾಲಭಾರತಿ, ಎಂಟು ಭಾಷೆಗಳಲ್ಲಿ ಪುಸ್ತಕ ಮಾಡುತ್ತದೆ, ಕನ್ನಡ ಅವುಗಳಲ್ಲೊಂದು. ಭಾಷೆಯ ಪುಸ್ತಕವಷ್ಟೇ ಅಲ್ಲ, ಗಣಿತ, ವಿಜ್ಞಾನ, ಇತಿಹಾಸವೂ ಕನ್ನಡದಲ್ಲಿ ಅಚ್ಚಾಗುತ್ತವೆ. ಹತ್ತನೆಯ ಬೋರ್ಡ್ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಮಕ್ಕಳ ರಾಜ್ಯ ಶಿಷ್ಯವೃತ್ತಿ ಪರೀಕ್ಷೆಗೂ ಕನ್ನಡ ಮಾಧ್ಯಮವುಂಟು. ಗಡಿಯ ಜಗಳದಲ್ಲಿ ಎರಡೂ ಕಡೆಯ ಭಾಷಣಕಾರರು ಈ ಸಂಗತಿಯನ್ನು ಎತ್ತುವುದೇ ಇಲ್ಲ. ಪುಸ್ತಕವಿದೆ, ಪರೀಕ್ಷೆಯಿದೆ, ಹತ್ತಿರದಲ್ಲೇ ತರಗತಿ ಇದೆಯೇ, ಅದರಲ್ಲಿ ಕನ್ನಡ ಬಲ್ಲ ವಿಜ್ಞಾನದ ಶಿಕ್ಷಕರಿದ್ದಾರೆಯೇ ಎಂಬಲ್ಲಿ ಕತೆ ಸಿಕ್ಕಿಕೊಳ್ಳುತ್ತದೆ.

ಇನ್ನು ಭಾಷೆಗಳ ಹೊರೆ. ಕನ್ನಡ ಶಾಲೆಯ ಮಗುವಿಗೆ ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್, ಲಿಪಿ ಮೂರು. ಗುಜರಾತಿ ಶಾಲೆಗಳ ಪ್ರಕರಣವೊಂದರಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಮರಾಠಿ ಕಡ್ಡಾಯವನ್ನು ಎತ್ತಿಹಿಡಿಯಿತು. 2020ರ ಕಾಯ್ದೆ ಅದನ್ನು ಎಲ್ಲ ಮಾಧ್ಯಮದ ಶಾಲೆಗಳಿಗೆ ಹಂತಹಂತವಾಗಿ ಹಬ್ಬಿಸಿತು. ಇದಕ್ಕೆ ಗಡಿಯ ಪಾಲಕರು ಗೊಣಗುತ್ತಾರೆಂದು ಬೆಂಗಳೂರಿನಲ್ಲಿ ಕೂತವರು ಊಹಿಸಬಹುದು. ಮಿರಜದ ಆಸ್ಪತ್ರೆಗೆ, ಸಾಂಗಲಿಯ ಅರಿಷಿಣ ಪೇಟೆಗೆ ದಿನಾ ಹೋಗಿಬರುವವರಿಗೆ ಮರಾಠಿ ಬೇಡವಾಗಲು ಸಾಧ್ಯವಿಲ್ಲ. ಅವರ ಒತ್ತಾಯ ಬೇರೆಯದು: ಸೆಮಿ ಇಂಗ್ಲಿಷ್. ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ, ಉಳಿದದ್ದು ಮರಾಠಿಯಲ್ಲಿ ಎಂಬ ಈ ಏರ್ಪಾಟು ಮರಾಠಿ ಶಾಲೆಗಳಿಗೆ ಜೀವ ಕೊಟ್ಟಿತು. ಮ್ಹೈಸಾಳ ಏತ ನೀರಾವರಿಯ ನೀರು ಬಂದು ದ್ರಾಕ್ಷಿ ನಿಂತ ಮನೆಗಳಿಗೆ ಅದೂ ಸಾಲದು, ಅವರ ಮಕ್ಕಳನ್ನು ಹಳದಿ ಬಸ್ಸು ಮಿರಜಕ್ಕೆ ಒಯ್ಯುತ್ತದೆ. ಊರ ಶಾಲೆಯಲ್ಲಿ ಉಳಿಯುವವರು ತೋಟ ಇಲ್ಲದವರ ಮಕ್ಕಳು.

ಆ ಮಕ್ಕಳ ಹೊಟ್ಟೆಯ ವಿಚಾರಕ್ಕೆ ಬರೋಣ. 2001ರ ಸುಪ್ರೀಂ ಕೋರ್ಟ್ ಆದೇಶದಿಂದ ಪ್ರಾಥಮಿಕ ಶಾಲೆಗಳಲ್ಲಿ ಬಿಸಿಯೂಟ ಗಟ್ಟಿಯಾಯಿತು, ಮುಂದೆ ಕೇಂದ್ರದ ಯೋಜನೆ ಎಂಟನೆಯವರೆಗೆ ಬೆಳೆಯಿತು. 2010ರ ಏಪ್ರಿಲ್‌ನಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯೂ ಎಂಟಕ್ಕೇ ನಿಂತಿತು. ಮಹಾರಾಷ್ಟ್ರದಲ್ಲಿ ಒಂಬತ್ತನೆಯ ಹುಡುಗಿಗೆ ಈ ಊಟವಿಲ್ಲ. ಗಡಿ ದಾಟಿ ಕಾಗವಾಡಕ್ಕೋ ಅಥಣಿಗೋ ಹೋದರೆ ಅದೇ ವಯಸ್ಸಿನ ಹುಡುಗಿ ಶಾಲೆಯಲ್ಲೇ ಉಣ್ಣುತ್ತಾಳೆ. ಕರ್ನಾಟಕ 2007–08ರಲ್ಲೇ ತನ್ನ ಖರ್ಚಿನಲ್ಲಿ ಊಟವನ್ನು ಹತ್ತನೆಯವರೆಗೆ ಒಯ್ದಿತ್ತು. 2013ರಿಂದ ಹಾಲು, ಈಚೆಗೆ ಮೊಟ್ಟೆ ಸೇರಿದವು. ಬೆಳಿಗ್ಗೆ ಬೇಗ ಮನೆ ಬಿಟ್ಟು ಸಂಜೆ ಮರಳುವ, ಮೈ ಬೆಳೆಯುವ ವಯಸ್ಸಿನ ಮಗುವಿಗೆ ಮಧ್ಯಾಹ್ನದ ಒಂದು ಊಟ ಏನು ಮಾಡುತ್ತದೆಂದು ಹೇಳಲು ಸಂಶೋಧನೆ ಬೇಕಿಲ್ಲ. ಈ ಒಂದು ವಿಷಯದಲ್ಲಿ ಎರಡು ರಾಜ್ಯಗಳ ಅಂತರ ಭಾಷೆಯ ಅಂತರಕ್ಕಿಂತ ದೊಡ್ಡದೆಂದು ನನ್ನ ಅನಿಸಿಕೆ.

ಮಹಾರಾಷ್ಟ್ರ ಬೇರೊಂದು ಕಡೆ ಮುಂದಿದೆ. ಹಳ್ಳಿಯ ಹುಡುಗಿಯರಿಗೆ ಹನ್ನೆರಡನೆಯವರೆಗೆ ಎಸ್‌ಟಿ (ರಾಜ್ಯ ಸಾರಿಗೆ) ಬಸ್ಸಿನ ಪಾಸ್ ಪುಕ್ಕಟೆ, ಅಹಿಲ್ಯಾಬಾಯಿ ಹೋಳ್ಕರ ಹೆಸರಿನ ಯೋಜನೆ. ಊರಲ್ಲಿ ಹೈಸ್ಕೂಲಿಲ್ಲದ ಹುಡುಗಿ ಓದು ಬಿಡುವಳೋ ಮುಂದುವರಿಸುವಳೋ ಎಂಬುದನ್ನು ಅಪ್ಪನ ಮನಸ್ಸಿನಷ್ಟೇ ಆ ಕೆಂಪು ಬಸ್ಸಿನ ವೇಳಾಪಟ್ಟಿಯೂ ತೀರ್ಮಾನಿಸುತ್ತದೆ. ಕೋವಿಡ್ ನಂತರ 2021ರ ಅಕ್ಟೋಬರಿನಲ್ಲಿ ಹಳ್ಳಿಗಳ ಶಾಲೆ ತೆರೆದವು. ಆ ತಿಂಗಳ ಕೊನೆಗೇ ಎಸ್‌ಟಿ ನೌಕರರ ಮುಷ್ಕರ ಶುರುವಾಗಿ ಮರುವರ್ಷದ ಏಪ್ರಿಲ್‌ವರೆಗೆ ಎಳೆಯಿತು. ಪಾಸ್ ಇತ್ತು, ಬಸ್ಸಿರಲಿಲ್ಲ.

ಕೋವಿಡ್ ಕಾಲದ್ದು ಇನ್ನೊಂದು ವಿಚಿತ್ರ. ಸಹ್ಯಾದ್ರಿ ವಾಹಿನಿಯಲ್ಲಿ ‘ಟಿಲಿಮಿಲಿ’ ಪಾಠಗಳು ಬಂದವು: ಮರಾಠಿಯಲ್ಲಿ, ಮತ್ತೆ ಎಂಟನೆಯವರೆಗೆ. ಚಂದನದಲ್ಲಿ ‘ಸಂವೇದ’ ಎಂಟರಿಂದ ಹತ್ತನೆಯವರಿಗೆ ಕನ್ನಡದಲ್ಲೇ ಬಂತು, ಆದರೆ ಕರ್ನಾಟಕದ ಪಠ್ಯಕ್ಕೆ. ಗಡಿಯ ಕನ್ನಡ ಮಗುವಿಗೆ ಒಂದರಲ್ಲಿ ಭಾಷೆ ಹೊಂದಲಿಲ್ಲ, ಇನ್ನೊಂದರಲ್ಲಿ ಪಾಠ ಹೊಂದಲಿಲ್ಲ. 2021ರಲ್ಲಿ ಹತ್ತನೆಯ ಪರೀಕ್ಷೆಯೇ ರದ್ದಾಗಿ ರಾಜ್ಯದ ಫಲಿತಾಂಶ 99.95 ಪ್ರತಿಶತ ಬಂತು. ಆ ಅಂಕಿಯನ್ನು ನಂಬಿ ಹನ್ನೊಂದನೆಯ ವಿಜ್ಞಾನಕ್ಕೆ ಹೋದವರ ಪಾಡನ್ನು ಶಿಕ್ಷಕರನ್ನೇ ಕೇಳಬೇಕು.

ಆರೋಗ್ಯದ ಯೋಜನೆಗಳು ಮಾತ್ರ ಎಂಟಕ್ಕೆ ನಿಲ್ಲದೆ ಮುಂದೆ ಹೋಗುತ್ತವೆ. 2013ರಿಂದ ಹದಿನೆಂಟು ವರ್ಷದವರೆಗಿನ ಮಕ್ಕಳ ತಪಾಸಣೆ, ವಾರಕ್ಕೊಂದು ಕಬ್ಬಿಣಾಂಶದ ಗುಳಿಗೆ, 2014ರಿಂದ ಹರೆಯದವರ ಆರೋಗ್ಯ ಕಾರ್ಯಕ್ರಮ, 2022ರಲ್ಲಿ ಮಹಾರಾಷ್ಟ್ರದ ಶಾಲೆಗಳಿಗೆ ಬಂದ, ಮಕ್ಕಳ ಸುರಕ್ಷತೆ ನೋಡುವ ಸಖಿ ಸಾವಿತ್ರಿ ಸಮಿತಿ. ಮನಸ್ಸಿನ ವಿಚಾರ ತೀರ ಈಚಿನದು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ (14416) ಕೇಂದ್ರಸ್ಥಾನ ಬೆಂಗಳೂರಿನ ನಿಮ್ಹಾನ್ಸ್, ಕನ್ನಡದಲ್ಲೂ ಮಾತಾಡಬಹುದು. ಮೊದಲ ಸಲ ಮರಾಠಿ ತರಗತಿಗೆ ಬಂದು, ಉತ್ತರ ಗೊತ್ತಿದ್ದರೂ ಎದ್ದು ನಿಲ್ಲದೆ, ತಿಂಗಳುಗಟ್ಟಲೆ ಸುಮ್ಮನಿರುವ ಮಗುವನ್ನು ಗುರೂಜಿ ದಡ್ಡನೆಂದು ಬಗೆಯುವುದು ಸುಲಭ. ಈ ಮೌನ ಯಾವ ತಪಾಸಣೆಯ ಕಾರ್ಡಿನಲ್ಲೂ ಕಾಣುವುದಿಲ್ಲ. ಮೇಲಾಗಿ ಬೋರ್ಡ್ ಪರೀಕ್ಷೆ ಬರುವುದು ಫೆಬ್ರುವರಿ–ಮಾರ್ಚ್‌ನಲ್ಲಿ, ದ್ರಾಕ್ಷಿ ಕೊಯ್ಲಿನ, ಅರಿಷಿಣ ಬೇಯಿಸುವ ದಿನಗಳಲ್ಲಿ. ಕೂಲಿಗೆ ಕೈ ಬೇಕಾದ ಮನೆಯಲ್ಲಿ ಹತ್ತನೆಯ ಹುಡುಗನ ಕೈಯೂ ಎಣಿಕೆಗೆ ಬರುತ್ತದೆ.

ಅವಕಾಶಗಳಲ್ಲಿ ಹೆಚ್ಚು ಬೆಲೆಯದು ಕೇಂದ್ರದ ಶಿಷ್ಯವೃತ್ತಿ, ಎನ್‌ಎಂಎಂಎಸ್. ಎಂಟನೆಯಲ್ಲಿ ಪರೀಕ್ಷೆ ಬರೆದು ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಸರ್ಕಾರಿ, ಸ್ಥಳೀಯ ಸಂಸ್ಥೆಗಳ ಮತ್ತು ಅನುದಾನಿತ ಶಾಲೆಯವರಿಗೇ ಮೀಸಲು, ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗಿರಬೇಕು. ಒಬ್ಬ ಉತ್ಸಾಹಿ ಶಿಕ್ಷಕರು ಸಂಜೆ ಕೂಡಿಸಿ ತಯಾರಿ ಮಾಡಿಸಿದರೆ ಸಣ್ಣ ಶಾಲೆಯೂ ಗೆಲ್ಲಬಹುದಾದ ಪರೀಕ್ಷೆಯಿದು.

ಹತ್ತು ಮುಗಿದ ಮೇಲೆ ದಾರಿ ಕವಲೊಡೆಯುತ್ತದೆ. 2025–26ರಿಂದ ರಾಜ್ಯಕ್ಕೆಲ್ಲ ಹನ್ನೊಂದನೆಯ ಪ್ರವೇಶ ಆನ್‌ಲೈನ್ ಆಗಿದೆ; ವಿಜ್ಞಾನವೆಂದರೆ ಇಂಗ್ಲಿಷ್, ಮಿರಜ ಅಥವಾ ಸಾಂಗಲಿ. ಕನ್ನಡದಲ್ಲೇ ಕಲೆ, ವಾಣಿಜ್ಯ ಓದುವ ಆಸೆಯಿದ್ದರೆ ಗಡಿಯಾಚೆಯ ಪಿಯುಸಿಗೆ ಹೋಗಬೇಕು. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದ ನಿಯಮದಲ್ಲಿ ಗಡಿನಾಡ ಕನ್ನಡಿಗರಿಗೆ ಅರ್ಹತೆಯ ಒಂದು ಕಲಮು ಉಂಟು: ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ಕೇರಳದ ಕಡೆ ಕಾಸರಗೋಡು, ಹೊಸದುರ್ಗ, ಮಂಜೇಶ್ವರ. ಮಿರಜ ಆ ಪಟ್ಟಿಯಲ್ಲಿಲ್ಲ. ಜತ್ತದ ಕನ್ನಡ ಹುಡುಗಿಗೆ ಇರುವ ಬಾಗಿಲು ಲಿಂಗನೂರಿನ ಕನ್ನಡ ಹುಡುಗಿಗಿಲ್ಲ. ಮನೆಮಾತು ಒಂದೇ, ಜಿಲ್ಲೆಯೂ ಒಂದೇ, ತಾಲ್ಲೂಕು ಬೇರೆ. 2022ರ ಕೊನೆಗೆ ಜತ್ತದ ಹಳ್ಳಿಗಳು ಕರ್ನಾಟಕ ಸೇರುವ ಗಲಾಟೆ ಎದ್ದಾಗ ಬೆಂಗಳೂರಿನಿಂದ ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೆ ಅನುದಾನದ ಮಾತು ಬಂತು. ಆ ಗದ್ದಲದಲ್ಲಿ ಈ ಪಟ್ಟಿಯನ್ನು ತಿದ್ದುವ ಮಾತು ಕೇಳಲಿಲ್ಲ. ತಿದ್ದಲು ಸುಪ್ರೀಂ ಕೋರ್ಟಿನಲ್ಲಿರುವ 2004ರ ಗಡಿ ದಾವೆ ಮುಗಿಯುವವರೆಗೆ ಕಾಯಬೇಕಾಗಿಯೂ ಇಲ್ಲ.

ಅಷ್ಟರಲ್ಲಿ ಮಹಾರಾಷ್ಟ್ರದ ಕಡೆಯಿಂದ ಹೊಸ ಗೆರೆಯೊಂದು ಬಿದ್ದಿದೆ. 2024ರ ಮಾರ್ಚ್ 15ರ ಸರ್ಕಾರಿ ನಿರ್ಣಯ ಶಿಕ್ಷಕ ಹುದ್ದೆಗಳನ್ನು ಮಕ್ಕಳ ತಲೆಯೆಣಿಕೆಗೆ ಬಿಗಿದು, ಇಪ್ಪತ್ತಕ್ಕಿಂತ ಕಡಿಮೆ ಮಕ್ಕಳಿರುವ ಮೇಲಿನ ತರಗತಿಗಳಿಗೆ ಹುದ್ದೆಯೇ ಸಿಗದಂತೆ ಮಾಡಿತು. ಶಿಕ್ಷಕ ಸಂಘಟನೆಗಳು ಬೀದಿಗಿಳಿದವು. ಮರಾಠಿ ಶಾಲೆಗೇ ಕಷ್ಟವಾದ ಈ ಲೆಕ್ಕ, ಎರಡು ಭಾಷೆಯ ಮಕ್ಕಳು ಹಂಚಿಹೋದ ಊರಿನ ಕನ್ನಡ ತರಗತಿಗೆ ಇನ್ನೂ ಕಷ್ಟ. 1949ರಲ್ಲಿ ತರಗತಿಗೆ ಹತ್ತು ಮಕ್ಕಳಿದ್ದರೆ ಶಿಕ್ಷಕರನ್ನು ಕೊಡಿ ಎಂದಿದ್ದರು. 2024ರ ಲೆಕ್ಕದಲ್ಲಿ ಹತ್ತೊಂಬತ್ತಿದ್ದರೂ ಸಾಲದು. ಜೂನಿನಲ್ಲಿ ಶಾಲೆ ತೆರೆಯುವ ಮುನ್ನ ಗುರೂಜಿ, ಬಾಯಾರು ಮನೆಮನೆಗೆ ಹೋಗಿ ಮಕ್ಕಳನ್ನು ಕೇಳುವುದು ಇಲ್ಲಿ ಹಳೆಯ ಪದ್ಧತಿ. ಈಗ ಅವರ ಕೈಯಲ್ಲಿ ಹಾಜರಿ ಪುಸ್ತಕದ ಜೊತೆಗೆ ತಲೆಯೆಣಿಕೆಗೆ ಬೇಕಾದ ಆಧಾರ್ ನೋಂದಣಿಯ ಯಾದಿಯೂ ಇರುತ್ತದೆ.